ಬಲಕ್ಕೆ ಮೊಳೆ, ಎಡಕ್ಕೆ ಅಂಟು: ಒಂದೇ ಮೈಯ ಎರಡು ಹರ್ನಿಯಾ ಆಪರೇಷನ್

ನನ್ನ ಬಲ ತೊಡೆಸಂದಿನ ಒಳಗೆ ಆರು ಟೈಟಾನಿಯಂ ಮೊಳೆಗಳಿವೆ. ಎಡಗಡೆ ಒಂದೂ ಇಲ್ಲ. ಅಲ್ಲಿ ಬಲೆಯನ್ನು, ಅಂದರೆ ಸವೆದ ಹೊಟ್ಟೆಯ ಗೋಡೆಗೆ ಆಸರೆಯಾಗಿ ಇಡುವ ಮೆಶ್ ಅನ್ನು, ಹಿಡಿಸಿರುವುದು ಅಂಟಿನ ಕೆಲವು ಹನಿಗಳು. ಬಲಗಡೆಯದು 2012ರಲ್ಲಿ ಆದ ಆಪರೇಷನ್. ಎಡಗಡೆಯದು ಕಳೆದ ವರ್ಷ, ಅಂದರೆ 2025ರ ಜುಲೈಯಲ್ಲಿ. ಎರಡೂ ಲ್ಯಾಪ್ರೋಸ್ಕೋಪಿಯಲ್ಲೇ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು ಆದವು, ಎರಡರಲ್ಲೂ ಬಲೆ ಹಾಕಿದ್ದಾರೆ. ಆಸ್ಪತ್ರೆ ಬೇರೆ, ಡಾಕ್ಟರ್ ಬೇರೆ. ಎಂಟು ತಿಂಗಳು ಕಳೆದ ಮೇಲೆ ಬರೆಯೋಣ ಅಂತ ಕಾದಿದ್ದೆ. ಮೊದಲ ತಿಂಗಳಲ್ಲೇ ಬರೆದರೆ ಬರೀ ಖುಷಿ ಬರೆದಂತಾಗುತ್ತಿತ್ತು.

ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಏಳು ಎಕರೆ ಕಾಫಿ ತೋಟ. ರೋಬಸ್ಟಾ, ಮರಗಳ ಮೇಲೆ ಕರಿಮೆಣಸು, ಕೆಳಗೆ ಒಂದಿಷ್ಟು ಗದ್ದೆ. ನನಗೆ 54 ವರ್ಷ. ಕಳೆದ ವರ್ಷ ಫೆಬ್ರವರಿಯಲ್ಲಿ ಹೂವಿಗೆ ನೀರು ಹಾಯಿಸಲು ಸ್ಪ್ರಿಂಕ್ಲರ್ ಪೈಪ್ ಹೊತ್ತು ಏರು ಹತ್ತುತ್ತಿದ್ದೆ. ಎಡ ತೊಡೆಸಂದಿನಲ್ಲಿ ಏನೋ ಜಾರಿದ ಹಾಗಾಯಿತು. ನೋವೇನೂ ಇರಲಿಲ್ಲ. ಸಂಜೆ ಸ್ನಾನ ಮಾಡುವಾಗ ಕೈಯಿಟ್ಟು ನೋಡಿದರೆ ನಿಂಬೆಕಾಯಿಯಷ್ಟು ಉಬ್ಬು. ಕೆಮ್ಮಿದರೆ ದೊಡ್ಡದಾಗುತ್ತಿತ್ತು, ಮಲಗಿದರೆ ಮಾಯ. ಒಮ್ಮೆ ಆಗಿದ್ದವನಿಗೆ ಇನ್ನೊಮ್ಮೆ ಯಾರೂ ಹೇಳಿಕೊಡಬೇಕಿಲ್ಲ. ಹೊಟ್ಟೆಯ ಗೋಡೆ ಆ ಜಾಗದಲ್ಲಿ ಸವೆದು, ಒಳಗಿನ ಕೊಬ್ಬೋ ಕರುಳೋ ಹೊರಗೆ ಒತ್ತಿಕೊಂಡು ಬರುವುದೇ ಹರ್ನಿಯಾ. ನಮ್ಮ ಕಡೆ ಹಿರಿಯರು 'ಕರುಳು ಇಳಿಯೋದು' ಅನ್ನುತ್ತಾರೆ. ನಾಲ್ಕು ಗಂಡಸರಲ್ಲಿ ಒಬ್ಬನಿಗೆ ಜೀವನದಲ್ಲಿ ಒಮ್ಮೆಯಾದರೂ ತೊಡೆಸಂದಿನ ಹರ್ನಿಯಾ ಬರುತ್ತದೆ. ಹಾಗಿದ್ದೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಾಗ ಅಂಥದ್ದು, ಅಲ್ವಾ.

ಬಲಗಡೆಯ ಕಥೆಯನ್ನು ಮೊದಲು ಹೇಳಬೇಕು. ಅದಿಲ್ಲದೆ ಅಂಟಿನ ಬೆಲೆ ಗೊತ್ತಾಗುವುದಿಲ್ಲ.

2012ರಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡೆ. ಹೆಸರು ಬೇಡ. ಆಪರೇಷನ್ ಕೆಟ್ಟದಾಗಿ ಆಯಿತು ಅಂತ ನಾನು ಹೇಳುವುದಿಲ್ಲ. ಹರ್ನಿಯಾ ಆ ಕಡೆ ಮತ್ತೆ ಬರಲೇ ಇಲ್ಲ. ಆದರೆ ಮೂರನೇ ವಾರದಿಂದ ಬಲ ತೊಡೆಯ ಹೊರಭಾಗದಲ್ಲಿ ಉರಿ ಶುರುವಾಯಿತು. ಅಂಗೈ ಅಗಲದ ಜಾಗ. ಮುಟ್ಟಿದರೆ ಒಂದು ಕಡೆ ಜೋಮು, ಪ್ಯಾಂಟು ಉಜ್ಜಿದರೆ ಇನ್ನೊಂದು ಕಡೆ ಉರಿ. ಜೀಪಿನ ಬ್ರೇಕ್ ಒತ್ತಿ ಹಿಡಿದರೆ ತೊಡೆಸಂದಿನಲ್ಲಿ ಚುಚ್ಚುತ್ತಿತ್ತು. ನಮ್ಮ ರಸ್ತೆಗಳಲ್ಲಿ ಬ್ರೇಕ್ ಒತ್ತದೆ ಎಲ್ಲಿಗೆ ಹೋಗಲಿಕ್ಕಾಗುತ್ತದೆ? ಅಲ್ಲಿಗೇ ಹೋಗಿ ಕೇಳಿದೆ. 'ಸ್ವಲ್ಪ ದಿನ ಇರುತ್ತೆ, ಹೋಗುತ್ತೆ' ಅಂದರು. ಮಾತ್ರೆ ಕೊಟ್ಟರು. ಎರಡನೇ ಸಲ ಹೋದಾಗಲೂ ಅದೇ ಮಾತು. ಮೂರನೇ ಸಲ ನಾನು ಹೋಗಲಿಲ್ಲ. ಕರಿಮೆಣಸು ಕೊಯ್ಯಲು ಏಣಿ ಹತ್ತುವುದನ್ನು ಆ ವರ್ಷದಿಂದ ಬಿಟ್ಟೆ. ಗದ್ದೆ ಕೆಲಸಕ್ಕೆ ಬಗ್ಗುವುದನ್ನೂ ಕಡಿಮೆ ಮಾಡಿದೆ. ಹೀಗೆ 13 ವರ್ಷ.

ಆಗ ಯಾರೂ ನನಗೆ ಹೇಳದಿದ್ದ ಒಂದು ಮಾತಿದೆ. ಆಪರೇಷನ್ ಆಗಿ ಮೂರು ತಿಂಗಳು ಕಳೆದ ಮೇಲೂ ಉಳಿಯುವ ನೋವಿಗೆ ಡಾಕ್ಟರುಗಳ ಲೋಕದಲ್ಲಿ ಹೆಸರಿದೆ, ಲೆಕ್ಕವಿದೆ, ಚಿಕಿತ್ಸೆಯೂ ಇದೆ. ತೊಡೆಸಂದಿನ ಹರ್ನಿಯಾ ಮಾಡಿಸಿಕೊಂಡವರಲ್ಲಿ ನೂರಕ್ಕೆ ಹತ್ತು ಹನ್ನೆರಡು ಮಂದಿಗೆ ಲೆಕ್ಕಕ್ಕೆ ತಗೊಳ್ಳಬೇಕಾದಷ್ಟು ನೋವು ಉಳಿಯುತ್ತದೆ ಅಂತ 2018ರಲ್ಲಿ ಬಂದ ಹರ್ನಿಯಾ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ನಾನು ಮಾತ್ರ 'ನನ್ನದೇ ಏನೋ ಸಮಸ್ಯೆ' ಅಂದುಕೊಂಡು ಸುಮ್ನೆ ಇದ್ದುಬಿಟ್ಟೆ.

ಹಾಗಾಗಿ ಎಡಗಡೆ ಉಬ್ಬು ಕಂಡಾಗ ನನಗೆ ಹರ್ನಿಯಾದ ಭಯ ಇರಲಿಲ್ಲ. ಆಪರೇಷನ್ನಿನ ಭಯ ಇತ್ತು. ಮಡಿಕೇರಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಮಳೆ ಶುರುವಾಗುವವರೆಗೆ ಹರ್ನಿಯಾ ಬೆಲ್ಟ್ ಕಟ್ಟಿಕೊಂಡು ಓಡಾಡಿದೆ. ಜೂನ್ ಕೊನೆಗೆ ಮೈಸೂರಿನಲ್ಲಿ ಒಬ್ಬ ಸರ್ಜನ್ ಹತ್ತಿರ ಹೋದೆ.

ಈ ಡಾಕ್ಟರ್ರು ಮಾಡಿದ ಮೊದಲ ಕೆಲಸ ನನ್ನ ಬಲಗಡೆಯನ್ನು ನೋಡಿದ್ದು. ಎಡಗಡೆಗೆ ಬಂದಿದ್ದೇನೆ ಅಂದರೂ 'ಇರಲಿ, ಅದನ್ನೂ ನೋಡೋಣ' ಅಂದರು. ಎಕ್ಸ್‌ರೇ ತೆಗೆಸಿದರು. ದೀಪದ ಮುಂದೆ ಹಿಡಿದಾಗ ಸೊಂಟದ ಮೂಳೆಯ ಹತ್ತಿರ ಬೆಳ್ಳಗೆ ಆರು ಸುರುಳಿಗಳು ಕಂಡವು. ಪೆನ್ನಿನೊಳಗೆ ಸ್ಪ್ರಿಂಗ್ ಇರುತ್ತದಲ್ಲ, ಅದರ ತುಂಡುಗಳ ಹಾಗೆ. ಒಂದೊಂದೂ ಮೆಣಸಿನ ಕಾಳಿನಷ್ಟು ದಪ್ಪ. ಇದಕ್ಕೆ ಟ್ಯಾಕ್ ಅನ್ನುತ್ತಾರೆ. ಬಲೆ ಜಾರದ ಹಾಗೆ ಅದನ್ನು ಒಳಗಿನ ಗೋಡೆಗೆ ಹಿಡಿಸುವ ಸುರುಳಿ ಮೊಳೆ. 13 ವರ್ಷ ನನ್ನ ಮೈಯೊಳಗಿದ್ದ ವಸ್ತುವನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಆಮೇಲೆ ಅವರು ಸ್ಕ್ಯಾನ್ ಕವರಿನ ಹಿಂಬದಿಯಲ್ಲಿ ಚಿತ್ರ ಬರೆದರು. ತೊಡೆಸಂದನ್ನು ಒಳಗಿನಿಂದ ನೋಡಿದರೆ ಹೇಗೆ ಕಾಣುತ್ತದೆ ಅಂತ. ಎರಡು ತ್ರಿಕೋನ ಎಳೆದರು. ಒಳಬದಿಯ ತ್ರಿಕೋನದ ಕೆಳಗೆ ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳು. ಅಲ್ಲಿ ಮೊಳೆ ಹೊಡೆದರೆ ಪ್ರಾಣಕ್ಕೆ ಅಪಾಯ. ಸರ್ಜನ್‌ಗಳು ಅದನ್ನು ಸಾವಿನ ತ್ರಿಕೋನ ಅಂತಲೇ ಕರೆಯುತ್ತಾರಂತೆ. ಅದರ ಹೊರಬದಿಗೆ ಇನ್ನೊಂದು, ನೋವಿನ ತ್ರಿಕೋನ. ತೊಡೆಗೆ ಸ್ಪರ್ಶ ಕೊಡುವ ನರಗಳು ಅಲ್ಲಿ ಹಾದುಹೋಗುತ್ತವೆ. ನರ ಎಲ್ಲರಲ್ಲೂ ಒಂದೇ ಗೆರೆಯಲ್ಲಿ ಹೋಗುವುದಿಲ್ಲ. ಒಬ್ಬರಲ್ಲಿ ಸ್ವಲ್ಪ ಮೇಲೆ, ಇನ್ನೊಬ್ಬರಲ್ಲಿ ಕೆಳಗೆ. ಕ್ಯಾಮೆರಾದಲ್ಲಿ ಅದು ಕಾಣದೆಯೂ ಇರಬಹುದು.

'ನಿಮ್ಮ ಮೊಳೆ ನರಕ್ಕೆ ತಾಗಿದೆಯಾ ಅಂತ ಎಕ್ಸ್‌ರೇ ನೋಡಿ ಖಚಿತವಾಗಿ ಹೇಳಲಾರೆ' ಅಂದರು. 'ಆದರೆ ಈ ಹೊರಗಿನದು ನನಗೆ ಇಷ್ಟವಾಗುವ ಜಾಗದಲ್ಲಿ ಇಲ್ಲ.'

'ಸಾರ್, ಎಡಗಡೆಗೂ ಇದೇ ಹಾಕ್ತೀರಾ?' ಅಂತ ಕೇಳಿದೆ. ನನ್ನ ಮೈಸೂರು ಪ್ರಯಾಣಕ್ಕೆ ಇದ್ದದ್ದು ಅದೊಂದೇ ಪ್ರಶ್ನೆ.

'ಬೇಡ. ಮೊದಲು ಏನಾದರೂ ಹಾಕುವುದು ಬೇಕೇ ಅಂತ ನೋಡೋಣ' ಅಂದರು.

ಈ ಮಾತು ನನಗೆ ಹೊಸದು. ಬಲೆ ಅಂದ ಮೇಲೆ ಹಿಡಿಸಲೇಬೇಕು ಅಂದುಕೊಂಡಿದ್ದೆ. ಹಾಗೇನೂ ಇಲ್ಲವಂತೆ. ಲ್ಯಾಪ್ರೋಸ್ಕೋಪಿಯಲ್ಲಿ ಬಲೆಯನ್ನು ಸ್ನಾಯುವಿನ ಹಿಂದೆ, ಹೊಟ್ಟೆಯ ಒಳಪೊರೆಯ ಮುಂದೆ ಇಡುತ್ತಾರೆ. ಅಳತೆ ಕಡಿಮೆಯೆಂದರೂ 10 ಸೆಂಟಿಮೀಟರಿಗೆ 15. ಹೊಟ್ಟೆಯ ಒತ್ತಡವೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಸಣ್ಣ ತೂತಾದರೆ ಬಲೆಯನ್ನು ಸುಮ್ನೆ ಹರಡಿ ಬಂದರೂ ಸಾಕು. 2018ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಆದರೆ ತೂತು ಒಳಬದಿಯಲ್ಲಿದ್ದು, ಮೂರು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ಬಲೆ ಅದರೊಳಗೇ ಜಾರಿಕೊಳ್ಳುವ ಭಯ ಇರುತ್ತದೆ. ಅಂಥವರಿಗೆ ಹಿಡಿಸಬೇಕು. ನನ್ನದು ಆ ಜಾತಿಗೆ ಸೇರಿದ್ದು. ಸ್ಕ್ಯಾನಿನಲ್ಲಿ ಮೂರೂವರೆ ಸೆಂಟಿಮೀಟರ್ ಅಂತ ಬಂದಿತ್ತು.

'ನಿಮಗೆ ಅಂಟು ಹಾಕುತ್ತೇನೆ' ಅಂದರು.

ಅಂಟು ಅಂದ ಕೂಡಲೇ ನನಗೆ ನೆನಪಾದದ್ದು ಫೆವಿಕ್ವಿಕ್. ಅದಕ್ಕೆ ಕಾರಣವೂ ಇದೆ. ಹಿಂದೊಮ್ಮೆ ಔಷಧಿ ಹೊಡೆಯುವ ಸ್ಪ್ರೇಯರ್ ರಿಪೇರಿ ಮಾಡುವಾಗ ಹತ್ತಿಯ ಕೈಗವಸಿನ ಮೇಲೆ ಅದು ಸುರಿದು, ಬಟ್ಟೆ ಸುಡುವಷ್ಟು ಬಿಸಿಯಾಗಿ ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಅಂಥದ್ದನ್ನು ಹೊಟ್ಟೆಯೊಳಗೆ ಹಾಕುತ್ತಾರಾ? ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ.

'ಅಪ್ಪಾ, ಎರಡೂ ಒಂದೇ ಮನೆತನದವು, ನಿಜ' ಅಂದಳು. ಸಯನೋಅಕ್ರಿಲೇಟ್ ಅಂತ ಅದರ ಹೆಸರು. 1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಅನ್ನುವ ವಿಜ್ಞಾನಿ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಆಗ ಬದಿಗಿಟ್ಟರು. 1958ರಲ್ಲಿ ಅಂಟಾಗಿಯೇ ಅಂಗಡಿಗೆ ಬಂತು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರ ರಕ್ತ ನಿಲ್ಲಿಸಲು ಇದನ್ನೇ ಗಾಯದ ಮೇಲೆ ಸಿಂಪಡಿಸಿದರು. ನಮ್ಮ ಕಡೆ ಮನೆಗೊಬ್ಬರು ಸೇನೆಯಲ್ಲಿದ್ದವರು. ಆ ಮಾತು ನನ್ನ ಮನಸ್ಸಿಗೆ ನಾಟಿತು.

ಅಂಗಡಿಯ ಅಂಟಿಗೂ ಆಸ್ಪತ್ರೆಯದಕ್ಕೂ ವ್ಯತ್ಯಾಸ ಏನೆಂದು ಡಾಕ್ಟರ್ರೇ ಆಮೇಲೆ ಹೇಳಿದರು. ಅಂಗಡಿಯದು ಈಥೈಲ್ ಜಾತಿಯದು. ಬಿಸಿ ಜಾಸ್ತಿ, ಒಳಗೆ ಕರಗುವಾಗ ಮೈಗೆ ಕೆಡುಕು. ಆಸ್ಪತ್ರೆಯದು ಬ್ಯೂಟೈಲ್. ಅದರ ಸರಪಳಿ ಉದ್ದ, ಬಿಸಿ ಕಡಿಮೆ, ಒಡೆಯುವುದು ನಿಧಾನ. ಅದನ್ನೂ ಸುರಿಯುವುದಿಲ್ಲ. ಉದ್ದ ತೆಳು ನಳಿಗೆಯ ತುದಿಯಿಂದ ಹನಿ ಹನಿಯಾಗಿ ಇಡುತ್ತಾರೆ. ಮೈಯ ತೇವ ತಾಗಿದ ಕೂಡಲೇ ಕೆಲವೇ ಸೆಕೆಂಡಿನಲ್ಲಿ ಹಿಡಿದುಕೊಳ್ಳುತ್ತದೆ. ಜಾಸ್ತಿ ಹಾಕಿದರೆ ಅದೇ ತೊಂದರೆ. ಗಟ್ಟಿ ಹಾಳೆಯ ಹಾಗೆ ಆಗಿ, ಬಲೆಯ ಕಣ್ಣುಗಳ ಮೂಲಕ ಮಾಂಸ ಬೆಳೆಯಲು ಬಿಡುವುದಿಲ್ಲ.

ಇನ್ನೊಂದು ಬಗೆಯ ಅಂಟೂ ಇದೆ, ಫೈಬ್ರಿನ್. ಅದು ಮನುಷ್ಯರ ರಕ್ತದಿಂದಲೇ ತೆಗೆದದ್ದು. ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದಲ್ಲ, ಅದೇ ವಿದ್ಯೆ. ಎರಡು ದ್ರವಗಳನ್ನು ಜೊತೆಯಾಗಿ ಬಿಟ್ಟರೆ ಹೆಪ್ಪಾಗುತ್ತದೆ, ಕೆಲವು ದಿನಗಳಲ್ಲಿ ಮೈಯೇ ಕರಗಿಸಿಕೊಳ್ಳುತ್ತದೆ. ಮೈಗೆ ತುಂಬ ಮೆತ್ತಗೆ, ಬೆಲೆ ಮಾತ್ರ ಜಾಸ್ತಿ. ನನಗೆ ಹಾಕಿದ್ದು ಬ್ಯೂಟೈಲ್.

ನನಗೆ ಬಹಳ ಹಿಡಿಸಿದ ಮಾತು ಇನ್ನೊಂದಿತ್ತು. ಅಂಟು ಜೀವನಪೂರ್ತಿ ಬಲೆಯನ್ನು ಹಿಡಿದಿಡಬೇಕಾಗಿಲ್ಲ. ಮೊದಲ ಕೆಲವು ವಾರ ಜಾರದ ಹಾಗೆ ನಿಲ್ಲಿಸಿದರೆ ಸಾಕು. ಅಷ್ಟರಲ್ಲಿ ನಮ್ಮ ಮಾಂಸವೇ ಬಲೆಯೊಳಗೆ ಬೆಳೆದು ಅದನ್ನು ತನ್ನದಾಗಿಸಿಕೊಳ್ಳುತ್ತದೆ. ಮೆಣಸಿನ ಬಳ್ಳಿ ನೆಟ್ಟಾಗ ನಾವು ಅದನ್ನು ಮರಕ್ಕೆ ದಾರದಿಂದ ಕಟ್ಟುತ್ತೇವೆ. ಬೇರು ತೊಗಟೆ ಹಿಡಿದ ಮೇಲೆ ದಾರ ಕೊಳೆತು ಬಿದ್ದರೂ ಚಿಂತೆಯಿಲ್ಲ. ಆ ಕೆಲಸಕ್ಕೆ ಮರಕ್ಕೆ ಕಬ್ಬಿಣದ ಮೊಳೆ ಹೊಡೆಯುವವರನ್ನು ನಾನು ಕಂಡಿಲ್ಲ. ಡಾಕ್ಟರ್ರಿಗೆ ಇದನ್ನು ಹೇಳಿದೆ. 'ಅದೇ, ಅದೇ' ಅಂದರು.

ಆಪರೇಷನ್ ಜುಲೈ ಎರಡನೇ ವಾರ. ಮಳೆಗಾಲವನ್ನೇ ಆರಿಸಿಕೊಂಡೆ, ತೋಟದಲ್ಲಿ ಆಗ ಕೆಲಸ ಕಡಿಮೆ. ಹಿಂದಿನ ದಿನವೇ ಹೆಂಡತಿ ಜೊತೆ ಹೊರಟೆ. ನಾಪೋಕ್ಲಿನಿಂದ ಮೈಸೂರಿಗೆ ಮಡಿಕೇರಿ, ಕುಶಾಲನಗರ, ಹುಣಸೂರು ದಾರಿಯಲ್ಲಿ 140 ಕಿಲೋಮೀಟರ್ ಹತ್ತಿರ. ಬೆಳಿಗ್ಗೆ ಏಳೂವರೆಗೆ ಒಳಗೆ ಕರೆದುಕೊಂಡರು. ಪೂರ್ತಿ ಅರಿವಳಿಕೆ. ಹೊಕ್ಕುಳ ಹತ್ತಿರ ಒಂದು ತೂತು, ಆಚೀಚೆ ಎರಡು ಸಣ್ಣವು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಗಾಳಿ ತುಂಬಿ ಉಬ್ಬಿಸಿ, ಕ್ಯಾಮೆರಾ ಬಿಟ್ಟು ಮಾಡುತ್ತಾರೆ. ಬಲಗಡೆ ಹಳೆಯ ಆಪರೇಷನ್ ಇದ್ದದ್ದರಿಂದ ಹೊಟ್ಟೆಯೊಳಗಿನಿಂದಲೇ ಹೋಗುವ ದಾರಿಯನ್ನು ಆರಿಸಿದ್ದರು. ಟ್ಯಾಪ್ ಅಂತ ಅದರ ಹೆಸರು. ಒಳಪೊರೆಯನ್ನು ಬಿಡಿಸಿ, ಹರ್ನಿಯಾವನ್ನು ಒಳಗೆಳೆದು, ಬಲೆ ಹರಡಿ, ಅಂಟಿನ ಹನಿ ಇಟ್ಟು, ಪೊರೆಯನ್ನು ದಾರದಿಂದ ಹೊಲಿದು ಮುಚ್ಚಿದರು. ಅರ್ಧ ಮಿಲಿಲೀಟರಿನ ಪುಟ್ಟ ಟ್ಯೂಬ್ ಪೂರ್ತಿ ಮುಗಿಯಲೂ ಇಲ್ಲವಂತೆ. ಆಪರೇಷನ್ನಿಗೆ ಒಂದು ಗಂಟೆಯ ಮೇಲೆ ಹತ್ತು ನಿಮಿಷ. ಹೋದ ದಾರಿಯಲ್ಲೇ ಬಲಗಡೆಯನ್ನೂ ಇಣುಕಿ ನೋಡಿ, ಅಲ್ಲಿ ಹರ್ನಿಯಾ ಮರಳಿಲ್ಲ ಅಂತ ಬರೆದುಕೊಟ್ಟರು. ಇದು ನಾನು ಕೇಳದೆ ಸಿಕ್ಕ ಉಪಕಾರ.

ಎಚ್ಚರವಾದಾಗ ಮೊದಲು ಬಂದದ್ದು ಕೆಮ್ಮು. ಗಂಟಲಿಗೆ ಕೊಳವೆ ಹಾಕಿದ್ದರಿಂದ ಅದು ಸಹಜವಂತೆ. ನನಗಂತೂ ಜೀವ ಬಾಯಿಗೆ ಬಂತು. ಮೊದಲ ಕೆಮ್ಮಿಗೇ ಅಂಟು ಬಿಟ್ಟುಹೋದರೆ? ಹೆಂಡತಿ ದಿಂಬು ತಂದು ಹೊಟ್ಟೆಯ ಮೇಲಿಟ್ಟು, 'ಇದನ್ನ ಒತ್ತಿ ಹಿಡ್ಕೊಂಡು ಕೆಮ್ಮಿ, ನರ್ಸ್ ಹೇಳಿದ್ದಾರೆ' ಅಂದಳು. ಮಧ್ಯಾಹ್ನ ಬಂದ ಡಾಕ್ಟರ್ರು ನನ್ನ ಮುಖ ನೋಡಿಯೇ ವಿಷಯ ಹಿಡಿದರು. ಕೆಮ್ಮಿದಾಗ ಬಲೆಯನ್ನು ಗೋಡೆಗೆ ಒತ್ತುವುದೂ ಹೊಟ್ಟೆಯೇ, ಅದು ಬಲೆಗೆ ಸಹಾಯ ಮಾಡುತ್ತದೆಯೇ ಹೊರತು ಕಿತ್ತುಹಾಕುವುದಿಲ್ಲ ಅಂತ ವಿವರಿಸಿದರು. ಸಂಜೆಗೆ ಮೂತ್ರ ಸರಿಯಾಗಿ ಹೋಯಿತು. ಇದನ್ನು ಬರೆಯಲೇಬೇಕು, ನಮ್ಮ ವಯಸ್ಸಿನ ಗಂಡಸರಿಗೆ ಈ ಆಪರೇಷನ್ ಆದ ಮೇಲೆ ಮೂತ್ರ ಕಟ್ಟುವುದುಂಟು. ರಾತ್ರಿ ಬಲ ಭುಜದಲ್ಲಿ ಒಂದು ವಿಚಿತ್ರ ನೋವು. ಹೊಟ್ಟೆಗೆ ತುಂಬಿದ ಗಾಳಿಯ ಉಳಿಕೆಯಿಂದ ಬರುವುದು. ಮರುದಿನ ಸಂಜೆಗೆ ಹೋಯಿತು.

ಮರುದಿನ ಮನೆಗೆ ಹೊರಟೆವು. ಸುಂಟಿಕೊಪ್ಪದಿಂದ ಮೇಲಿನ ತಿರುವುಗಳನ್ನು ನೆನೆದು ಮೊದಲೇ ಹೆದರಿದ್ದೆ. 2012ರಲ್ಲಿ ಆ ತಿರುವುಗಳಲ್ಲಿ ಹಲ್ಲು ಕಚ್ಚಿ ಕೂತಿದ್ದವನು ನಾನು. ಈ ಸಲ ಕುಶಾಲನಗರದಲ್ಲಿ ಕಾರು ನಿಲ್ಲಿಸಿ ನಾನೇ ಇಳಿದು, ಎರಡು ಇಡ್ಲಿ ತಿಂದು, ಕಾಫಿ ಕುಡಿದು ಮತ್ತೆ ಹತ್ತಿದೆ. ತೂತು ಹಾಕಿದ ಜಾಗದಲ್ಲಿ ಎಳೆತ ಇತ್ತು. ತೊಡೆಸಂದಿನಲ್ಲಿ ಭಾರ ಇತ್ತು. ಚುಚ್ಚುವುದು ಇರಲಿಲ್ಲ. ಬಲಕ್ಕೂ ಎಡಕ್ಕೂ ನಾನು ಕಂಡ ವ್ಯತ್ಯಾಸ ಆ ದಿನದಿಂದಲೇ ಶುರು.

ನೋವಿನ ಮಾತ್ರೆ ನಾಲ್ಕು ದಿನ ತಗೊಂಡೆ. ಐದನೇ ದಿನ ಕಣದ ತನಕ ಕೊಡೆ ಹಿಡಿದು ನಡೆದೆ. ಹತ್ತನೇ ದಿನ ಜೀಪ್ ಓಡಿಸಿದೆ, ಸಮತಟ್ಟಿನಲ್ಲಿ ಮಾತ್ರ. ಮೊದಲ ತಿಂಗಳು ಐದಾರು ಕಿಲೋಗಿಂತ ಜಾಸ್ತಿ ಎತ್ತಬೇಡಿ ಅಂದಿದ್ದರು. ನಾನು ಆರು ವಾರ ಪಾಲಿಸಿದೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಆಯುಧಪೂಜೆಯ ಹಬ್ಬಕ್ಕೆ, ಏಳು ವಾರವಾಗಿತ್ತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಕಡೆ ನಿಂತು ನಾನೂ ಒಂದು ಗುಂಡು ಹಾರಿಸಿದೆ. ಅಕ್ಕಿಯ ಕಡಂಬುಟ್ಟು ಹೊಟ್ಟೆ ತುಂಬ ತಿಂದೆ. ಪುತ್ತರಿಗೆ, ನಮ್ಮ ಸುಗ್ಗಿಯ ಹಬ್ಬಕ್ಕೆ, ಕದಿರು ಕೊಯ್ಯಲು ಗದ್ದೆಯಲ್ಲಿ ಬಗ್ಗಿದಾಗ ಎಡಗಡೆ ಏನೂ ಅನ್ನಿಸಲಿಲ್ಲ. ಬಲಗಡೆ ಎಂದಿನ ಹಾಗೆ ಚುಚ್ಚಿತು. ಅಲ್ಲೇ ನಿಂತು ಎರಡೂ ಕಡೆ ಕೈಯಿಟ್ಟು ನೋಡಿಕೊಂಡೆ. ಜನವರಿ, ಫೆಬ್ರವರಿಯ ಕೊಯ್ಲಿನಲ್ಲಿ ಕಣದಲ್ಲಿ ಕಾಫಿ ಎಳೆದೆ. 50 ಕಿಲೋ ಮೂಟೆಯನ್ನು ಇನ್ನೊಬ್ಬರ ಜೊತೆ ಹಿಡಿದು ಎತ್ತಿದೆ. ಈ ವರ್ಷ ಅದೇ ಏರಿನಲ್ಲಿ ಸ್ಪ್ರಿಂಕ್ಲರ್ ಪೈಪನ್ನೂ ಹೊತ್ತೆ. ಎಡಗಡೆ ಉರಿಯಿಲ್ಲ, ಜೋಮಿಲ್ಲ, ಉಬ್ಬಿಲ್ಲ.

ಎಲ್ಲ ಹೀಗೆ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಹನ್ನೆರಡನೇ ದಿನ ಎಡ ತೊಡೆಸಂದಿನಲ್ಲಿ ಮತ್ತೆ ಉಬ್ಬು ಕಂಡಿತು. ಅದೇ ಜಾಗ, ಹೆಚ್ಚುಕಡಿಮೆ ಅದೇ ಗಾತ್ರ. ಅಂಟು ಬಿಟ್ಟಿತು, ಎಲ್ಲ ಮುಗಿಯಿತು ಅಂತ ಕೂತುಬಿಟ್ಟೆ. ಆ ವಾರ ಮಳೆ ಜೋರು. ಬೊಳಿಬಾಣೆ ಹತ್ತಿರ ರಸ್ತೆ ಮೇಲೆ ನೀರು ಬಂದಿತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ ಕೌಂಟರಿನವರು 'ಬಂದು ತೋರಿಸಿ' ಅನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ಬೇರೆ ದಾರಿ ಸುತ್ತಿ 140 ಕಿಲೋಮೀಟರಿಗೂ ಜಾಸ್ತಿ ಹೋದೆ. ಡಾಕ್ಟರ್ರು ಮುಟ್ಟಿ ನೋಡಿ, ಕೆಮ್ಮಿಸಿ, ಸ್ಕ್ಯಾನ್ ಮಾಡಿ ಹೇಳಿದರು: ಇದು ಹರ್ನಿಯಾ ಅಲ್ಲ, ನೀರು. ಹರ್ನಿಯಾ ಇದ್ದ ಖಾಲಿ ಜಾಗದಲ್ಲಿ ಮೈಯ ನೀರು ತುಂಬಿಕೊಳ್ಳುತ್ತದೆ, ಸೆರೋಮಾ ಅನ್ನುತ್ತಾರೆ. ದೊಡ್ಡ ಹರ್ನಿಯಾ ಇದ್ದವರಲ್ಲಿ ಇದು ಮಾಮೂಲು. ಮೊಳೆ ಹಾಕಿದರೂ ಬರುತ್ತದೆ, ಅಂಟು ಹಾಕಿದರೂ ಬರುತ್ತದೆ. ಕೆಮ್ಮಿದರೆ ದೊಡ್ಡದಾಗುವುದಿಲ್ಲ, ಮಲಗಿದರೆ ಮಾಯವಾಗುವುದಿಲ್ಲ, ಅದೇ ಗುರುತು. ಸೂಜಿ ಹಾಕಿ ತೆಗೆಯುವುದೂ ಬೇಡ ಅಂದರು. ಆರನೇ ವಾರಕ್ಕೆ ಅದು ತಾನಾಗಿ ಇಂಗಿತ್ತು.

ಇಷ್ಟನ್ನು ಡಿಸ್ಚಾರ್ಜ್ ಹಾಳೆಯಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆದಿದ್ದರೆ ನನ್ನ ಎರಡು ರಾತ್ರಿಯ ನಿದ್ದೆ, ಆ ಮಳೆಯ ಪ್ರಯಾಣ ಎರಡೂ ಉಳಿಯುತ್ತಿತ್ತು. ಅಷ್ಟು ಚೆನ್ನಾಗಿ ಆಪರೇಷನ್ ಮಾಡುವ ಆಸ್ಪತ್ರೆ ಇಷ್ಟು ಸಣ್ಣ ಕೆಲಸ ಬಿಟ್ಟದ್ದು ನನಗೆ ಬೇಜಾರು. ಡಾಕ್ಟರ್ರಿಗೂ ಹೇಳಿದೆ. ಒಪ್ಪಿಕೊಂಡರು.

ಇನ್ನೊಂದು ಬೇಜಾರು ದುಡ್ಡಿನದು. ನನ್ನ ಬಿಲ್ಲಿನಲ್ಲಿ ಅಂಟಿನ ಸಾಲಿಗೆ ಇದ್ದದ್ದು 5,800 ರೂಪಾಯಿ. ಮೊಳೆ ಹೊಡೆಯುವ ಸಾಧನವಾಗಿದ್ದರೆ ಇದಕ್ಕಿಂತ ತುಂಬ ಜಾಸ್ತಿ ಆಗುತ್ತಿತ್ತು ಅಂತ ಬಿಲ್ಲಿಂಗಿನವರೇ ಹೇಳಿದರು. ಆದರೆ ನನ್ನ ವಿಮೆಯವರು ಅಂಟನ್ನು 'ಬಳಸಿ ಬಿಸಾಡುವ ವಸ್ತು' ಅನ್ನುವ ಪಟ್ಟಿಗೆ ಹಾಕಿ ಆ ಮೊತ್ತವನ್ನು ಪೂರ್ತಿ ಕಡಿದರು. ಮೊಳೆ ಹಾಕಿದ್ದರೆ ಕೊಡುತ್ತಿದ್ದರಂತೆ! ಇದು ಬಲೆ ಹಿಡಿಸುವ ಸಾಮಾನು, ಗಾಯಕ್ಕೆ ಸುತ್ತುವ ಪಟ್ಟಿಯಲ್ಲ ಅಂತ ಡಾಕ್ಟರ್ರಿಂದ ಪತ್ರ ಬರೆಸಿ ಕಳಿಸಿದೆ. ಎರಡು ತಿಂಗಳ ಮೇಲೆ ದುಡ್ಡು ಬಂತು. ನೀವು ಮಾಡಿಸುವುದಾದರೆ ಆ ಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಬಲೆಯ ಮತ್ತು ಅಂಟಿನ ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಆಸ್ಪತ್ರೆಯ ಫೈಲಿಗೆ ಅಂಟಿಸುತ್ತಾರೆ. ಅದರ ಜೆರಾಕ್ಸ್ ಕೇಳಿ ತಗೊಳ್ಳಿ. 2012ರಲ್ಲಿ ನಾನು ತಗೊಂಡಿರಲಿಲ್ಲ. ನನ್ನ ಬಲಗಡೆ ಯಾವ ಬಲೆ ಇದೆ ಅಂತ ಇವತ್ತಿಗೂ ಗೊತ್ತಿಲ್ಲ.

ಹಾಗಾದರೆ ಅಂಟೇ ಮೇಲೋ? ನನ್ನ ಮೈಯನ್ನು ಕೇಳಿದರೆ ಹೌದು. ಆದರೆ ಬಲ ಎಡಗಳ ನಡುವೆ 13 ವರ್ಷದ ಅಂತರವಿದೆ. ಹರ್ನಿಯಾದ ಬಗೆ ಬೇರೆ, ಕೈ ಬೇರೆ. ಮೊಳೆ ಹಾಕಿಸಿಕೊಂಡೂ ಆರಾಮಾಗಿರುವ ಇಬ್ಬರು ನಮ್ಮ ಊರಲ್ಲೇ ಇದ್ದಾರೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಈ ಎರಡನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಅಂಟು ಹಾಕಿದವರಲ್ಲಿ ಉಳಿಯುವ ನೋವು ಕಡಿಮೆ, ಹರ್ನಿಯಾ ಮರಳುವುದರಲ್ಲಿ ಅಂಥ ವ್ಯತ್ಯಾಸವಿಲ್ಲ ಅಂತ ಡಾಕ್ಟರ್ರು ಹೇಳಿದರು. ನನಗೆ ಅಷ್ಟು ಸಾಕಾಯಿತು. ನರ ಎಲ್ಲಿ ಹೋಗುತ್ತದೆ ಅಂತ ಕಾಣದ ಜಾಗದಲ್ಲಿ ತೂತು ಕೊರೆಯದ ವಸ್ತು ಸಿಗುವುದಾದರೆ ನಾನು ಅದನ್ನೇ ಆರಿಸುತ್ತೇನೆ. ಅದಕ್ಕಿಂತ ಮೊದಲು ಅದೂ ಬೇಕೇ ಅಂತ ಕೇಳುತ್ತೇನೆ.

ಡಾಕ್ಟರ್ರ ಕೈಯ ಪಳಗಿಕೆ ಅಂಟಿಗಿಂತ ದೊಡ್ಡದು. ಲ್ಯಾಪ್ರೋಸ್ಕೋಪಿಯಲ್ಲಿ ಹರ್ನಿಯಾ ಮಾಡಲು ಕಲಿಯುವುದು ಕಷ್ಟ, ಹತ್ತಿರ ಹತ್ತಿರ ನೂರು ಆಪರೇಷನ್ ಬೇಕಾಗಬಹುದು. 'ಸಾರ್, ನೀವು ಇದನ್ನು ಎಷ್ಟು ಮಾಡಿದ್ದೀರಿ?' ಅಂತ ಕೇಳಲು ನಾನು ತುಂಬ ಹಿಂಜರಿದೆ. ಕೇಳಿದೆ. ಬೇಸರವಿಲ್ಲದೆ ಉತ್ತರಿಸಿದರು. ಬೇಸರ ಮಾಡಿಕೊಂಡಿದ್ದರೆ ನಾನು ಎದ್ದು ಬರುತ್ತಿದ್ದೆ.

ಈ ಬರಹವನ್ನು ಮುಖ್ಯವಾಗಿ ಒಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮ ಕಾಫಿ ಮೂಟೆ ಲೋಡ್ ಮಾಡುವ ಹುಡುಗ, ಮೂವತ್ತು ದಾಟಿಲ್ಲ. ಜನವರಿಯಲ್ಲಿ ಲಾರಿಯ ಹಿಂದೆ ನಿಂತು ಯಾರಿಗೂ ಕಾಣದ ಹಾಗೆ ಕೈಯಿಂದ ಏನನ್ನೋ ಒಳಗೆ ಒತ್ತಿಕೊಳ್ಳುತ್ತಿದ್ದ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಬದಿಗೆ ಕರೆದು ಕೇಳಿದೆ. 'ಏನಿಲ್ಲ ಅಣ್ಣಾ' ಅಂದ. ನಾನು ನನ್ನ ಎರಡೂ ಕಡೆಯ ಕಥೆ ಹೇಳಿದ ಮೇಲೆ ಒಪ್ಪಿಕೊಂಡ, ಎರಡು ವರ್ಷದಿಂದ ಲುಂಗಿಯ ಒಳಗೆ ಬಟ್ಟೆ ಸುತ್ತಿ ಕಟ್ಟಿಕೊಂಡು ಮೂಟೆ ಹೊರುತ್ತಿದ್ದಾನಂತೆ. ಅವನಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ಉಬ್ಬು ಗಟ್ಟಿಯಾಗಿ, ಒಳಗೆ ಹೋಗದೆ, ನೋವು ಜಾಸ್ತಿಯಾಗಿ, ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿದೆ ಅಂತ ಅರ್ಥ. ಆಗ ಬೆಳಗಾಗಲಿ ಅಂತ ಕಾಯಬಾರದು. ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು.

ಅವನಿಗೆ ಮೈಸೂರಿನ ಖರ್ಚು ಆಗುವುದಿಲ್ಲ. ಆಯುಷ್ಮಾನ್ ಕಾರ್ಡು ಇತ್ತು. ಮಡಿಕೇರಿಯಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಲು ಹೇಳಿದೆ. ಅಲ್ಲಿ ಸೊಂಟದ ಕೆಳಗೆ ಮರಗಟ್ಟಿಸಿ, ಹೊರಗಿನಿಂದ ಕುಯ್ದು ಬಲೆ ಇಟ್ಟು ಹೊಲಿಯುವ ಆಪರೇಷನ್ ಅಂತ ಗೊತ್ತಾಯಿತು. ಅದು 1980ರ ದಶಕದಿಂದ ಲೋಕವೆಲ್ಲ ನಂಬಿರುವ ಪದ್ಧತಿ, ಅದರಲ್ಲಿ ಕಡಿಮೆ ಏನೂ ಇಲ್ಲ. ಅಂಟು ಇಲ್ಲ ಅಂತ ಅವನು ಇನ್ನೆರಡು ವರ್ಷ ಬಟ್ಟೆ ಕಟ್ಟಿಕೊಂಡು ಓಡಾಡುವುದು ನನಗೆ ಬೇಡ. ಆಪರೇಷನ್ ಆಗಿ ಮೂರು ವಾರ ಆಯಿತು. ಮೊನ್ನೆ ನಾಪೋಕ್ಲು ಸಂತೆಯಲ್ಲಿ ಸಿಕ್ಕಿದ. ನಿಧಾನ ನಡೆಯುತ್ತಿದ್ದ, ಕೈ ಮಾತ್ರ ಹೊಟ್ಟೆಯ ಕೆಳಗೆ ಇರಲಿಲ್ಲ.

ನನ್ನ ಬಲಗಡೆಯ ವಿಚಾರ ಇನ್ನೂ ಮುಗಿದಿಲ್ಲ. ಮೊಳೆ ತೆಗೆಯುವ ಆಪರೇಷನ್ ಸುಲಭವಲ್ಲ, ಮೊದಲು ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡೋಣ ಅಂದಿದ್ದಾರೆ. ಅಕ್ಟೋಬರಿನಲ್ಲಿ ಒಂದು ಕೊಟ್ಟರು. ಐದು ವಾರ ಉರಿ ಇರಲಿಲ್ಲ, ಆಮೇಲೆ ಅರ್ಧದಷ್ಟು ಮರಳಿತು. ಏಪ್ರಿಲ್ ಮೊದಲ ವಾರ ಎರಡನೆಯದು. ಮಗಳಿಗೆ ಆಗ ರಜೆ, ಅವಳೂ ಜೊತೆಗೆ ಬರುತ್ತಾಳೆ.